ಗವಾಕ್ಷಿಗೆ ತುರುಕಿದ ದಿಂಬು

ನಿಮ್ಮ ಹಾಗೆಯೇ ನಗರದಲ್ಲಿ ಬಾಳುತ್ತಿದ್ದ ಒಬ್ಬ ಸಾಹುಕಾರನ ಕಥೆ ಹೇಳುತ್ತೇನೆ. ಯಾವ ನಗರ ಅಂತ ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ನಾಲ್ಕು ಜನ ಅವನ ನೆಂಟರು ಅಂತ ಎದ್ದು ನಿಲ್ಲುತ್ತೀರಿ. ಅವನಿಗೆ ಒಳ್ಳೆಯ ಮನಸ್ಸಿತ್ತು. ತಗಡಿನ ಶೆಡ್ಡುಗಳಲ್ಲಿ ಬೇಯುತ್ತಿದ್ದ ಬಡವರಿಗೆ ಕಡಿಮೆ ಬಾಡಿಗೆಯ ಮನೆ ಕಟ್ಟಿಸಿಕೊಡಬೇಕು ಎಂದು ಹೊರಟ. ಒಳ್ಳೆಯ ಮನಸ್ಸು ಅಂದೆ. ಬುದ್ಧಿವಂತ ಅಂತ ಇನ್ನೂ ಹೇಳಿಲ್ಲ, ಗಮನಿಸಿ.

ಅವನ ಮೇಸ್ತ್ರಿ ಒಂದು ದಿನ ಖಾಲಿ ಸೈಟಿನಲ್ಲಿದ್ದ ಹುತ್ತವನ್ನು ತೋರಿಸಿದ.

"ನೋಡಿ ಯಜಮಾನ್ರೆ, ಹೊರಗೆ ಸುಡು ಬಿಸ್ಲು. ಒಳಗೆ ಗೆದ್ದಲು ತಣ್ಣಗೆ ಸಂಸಾರ ಮಾಡ್ತಾ ಇದಾವೆ. ಫ್ಯಾನಿಲ್ಲ, ಕರೆಂಟಿಲ್ಲ. ತಂಪು ಗಾಳಿ ಕೆಳಗಿಂದ ಬರುತ್ತೆ, ಬಿಸಿ ಗಾಳಿ ಮೇಲಿಂದ ಹೋಗುತ್ತೆ. ನಾವೂ ಹಂಗೇ ಕಟ್ಟೋಣ."

ಕಟ್ಟಿದರು. ಮಣ್ಣಿನ ಇಟ್ಟಿಗೆಯ ನಾಲ್ಕು ಮಹಡಿ, ನಲವತ್ತು ಮನೆ. ನಡುವೆ ತಳದಿಂದ ತಾರಸಿಯವರೆಗೆ ಚಿಮಣಿಯ ಹಾಗೆ ಒಂದು ಗಾಳಿಗೂಡು. ಪ್ರತಿ ಮನೆಯಿಂದಲೂ ಅದಕ್ಕೊಂದು ಗವಾಕ್ಷಿ. ಹಿತ್ತಲಿನ ಹೊಂಗೆ ಮರದ ನೆರಳಿನ ಗಾಳಿ ನೆಲಮಹಡಿಯ ಮೂಲೆಮನೆಯ ದೊಡ್ಡ ಗವಾಕ್ಷಿಯಿಂದ ಹೊಕ್ಕು ಎಲ್ಲರಿಗೂ ಹಂಚಿಹೋಗಬೇಕು. ಖರ್ಚು ಕಡಿಮೆ, ಅದಕ್ಕೇ ಬಾಡಿಗೆಯೂ ಕಡಿಮೆ.

ಆದರೆ ನಮ್ಮ ಜನ ನೋಡಿ! "ಹುತ್ತ ಅಂದ್ಮೇಲೆ ಹಾವು ಬರಲ್ವಾ?" ಅಂದರು. ಇಬ್ಬರು ಹೆಂಗಸರು ಗಾಳಿಗೂಡಿನ ಬುಡಕ್ಕೆ ಅರಿಶಿನ ಹಚ್ಚಿ ಹಾಲನ್ನೂ ಎರೆದರು. ಹಾವು ಬರಲಿಲ್ಲ, ಇರುವೆ ಬಂದವು. ಜನರ ಭಯ ಹೋಗಲಿ ಅಂತ ಸಾಹುಕಾರ ತಾನೇ ಹೆಂಡತಿಯ ಜೊತೆ ಆ ಮೂಲೆಮನೆಗೆ ಬಂದು ಉಳಿದ. ಆಮೇಲೆ ಎಲ್ಲರೂ ಬಂದರು. ಆಟೋ ಓಡಿಸುವವನು, ಬಟ್ಟೆ ಹೊಲಿಯುವವನು, ನಾಲ್ಕನೇ ಮಹಡಿಗೆ ಹಪ್ಪಳ ಒತ್ತುವ ಒಬ್ಬ ಅಜ್ಜಿ. ಅಜ್ಜಿಗೆ ಉಬ್ಬಸ. ಶೆಡ್ಡಿನಲ್ಲಿದ್ದಾಗ ಪ್ರತಿ ಬೇಸಿಗೆಯೂ ಅವಳಿಗೆ ಜೀವ ಹೋಗಿ ಬರುತ್ತಿತ್ತು. ಇಲ್ಲಿ ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿದಳು.

ಈಗ ಕೇಳಿ. ಸಾಹುಕಾರನಿಗೆ ಡಾಕ್ಟರು ಎಣ್ಣೆ ತಿಂಡಿ ಬಿಡಿಸಿದ್ದರು. ಅಂದರೆ ಹೆಂಡತಿ ಬಿಡಿಸಿದ್ದಳು, ಡಾಕ್ಟರು ಬರೀ ಹೇಳಿದ್ದರು. ಮಧ್ಯಾಹ್ನ ಅವಳು ಮೂರನೇ ಮಹಡಿಯವರ ಜೊತೆ ಮಾತಾಡಲು ಹೋದಾಗ ಇವನು ತಳ್ಳುಗಾಡಿಯಿಂದ ಮೆಣಸಿನಕಾಯಿ ಬಜ್ಜಿ ತರಿಸಿ ಒಂದು ಕಚ್ಚಿದ. ಗಾಳಿಗೂಡಿನ ಕೆಲಸ ಏನು? ಕೆಳಗಿನದನ್ನು ಮೇಲಕ್ಕೆ ಒಯ್ಯುವುದು. ಒಯ್ದಿತು. ಮೇಲಿನಿಂದ ಹೆಂಡತಿಯ ದನಿ ಬಂತು: "ರೀ, ಯಾರ ಮನೇಲಿ ಬಜ್ಜಿ?"

ಅವತ್ತೇ ಅವನು ಒಂದು ದಿಂಬು ತಂದು ಆ ದೊಡ್ಡ ಗವಾಕ್ಷಿಗೆ ತುರುಕಿದ. ನಾನೊಬ್ಬ ಮುಚ್ಚಿದರೆ ಏನಾಗುತ್ತೆ ಅಂದುಕೊಂಡ.

ಅವನೊಬ್ಬನೇ ಅಲ್ಲ. ಅತ್ತೆ ಬೈದದ್ದು ಊರಿಗೆಲ್ಲ ಕೇಳುತ್ತೆ ಅಂತ ಆಟೋದವನು ಹಳೇ ಪಂಚೆ ತುರುಕಿದ. ನಾನೊಬ್ಬ ಮುಚ್ಚಿದರೆ ಏನಾಗುತ್ತೆ! ಕೆಳಗಿನ ಮನೆಯ ಒಣಮೀನಿನ ವಾಸನೆ ತಡೆಯಲಾರೆ ಅಂತ ಬಟ್ಟೆ ಹೊಲಿಯುವವನು ಚಿಂದಿ ತುರುಕಿದ. ನಾನೊಬ್ಬ ಮುಚ್ಚಿದರೆ ಏನಾಗುತ್ತೆ! ಒಣಮೀನಿನವರು ಇವನ ಮೆಷೀನಿನ ಸದ್ದಿಗೆ ಗೋಣಿಚೀಲ ತುರುಕಿದರು. ಪಕ್ಕದ ಗೆದ್ದಲು ಏನು ತಿಂದಿತು ಅಂತ ಯಾವ ಗೆದ್ದಲಾದರೂ ಮೂಗು ಮುಚ್ಚಿಕೊಂಡಿದೆಯೇ, ಹೇಳಿ?

ಏಪ್ರಿಲ್ ಬಂತು. ಮನೆಗಳು ಕಾದ ಕಾವಲಿಯಾದವು. ಸಾಹುಕಾರನೂ ಬೆವತ, ಸಿಟ್ಟಿಗೆದ್ದ. ಎಲ್ಲರನ್ನೂ ಅಂಗಳಕ್ಕೆ ಕರೆದ.

"ನಿಮಗೆ ಬದುಕೋಕೇ ಬರಲ್ಲ. ವಾರದಲ್ಲಿ ಮನೆ ಖಾಲಿ ಮಾಡಿ. ಇದನ್ನ ಗೋಡೌನ್ ಮಾಡ್ತೀನಿ."

ಮತ್ತೆ ಶೆಡ್ಡಿಗೆ ಹೋದರೆ ಈ ಬೇಸಿಗೆ ದಾಟುವುದಿಲ್ಲ ಅಂತ ಅಜ್ಜಿಗೆ ಗೊತ್ತಿತ್ತು. ಮನೆಗೆ ಹೋಗಿ ಒಂದು ಊದುಬತ್ತಿ ಹಚ್ಚಿ ತನ್ನ ಗವಾಕ್ಷಿಗೆ ಹಿಡಿದಳು. ಅವಳು ಅದನ್ನು ಮುಚ್ಚಿರಲಿಲ್ಲ. ಆದರೂ ಹೊಗೆ ಅಲುಗಲಿಲ್ಲ. ಊದುಬತ್ತಿ ಹಿಡಿದೇ ಮನೆಮನೆಗೆ ಇಳಿದಳು. ಎಲ್ಲ ಕಡೆಯೂ ತುರುಕಿದ ಬಟ್ಟೆ. ತೆಗೀರಪ್ಪ ಅಂದರೆ ಎಲ್ಲರದ್ದೂ ಒಂದೇ ಉತ್ತರ: "ಮೊದ್ಲು ಅವ್ರು ತೆಗೀಲಿ ಅಜ್ಜಿ." ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಸಾಹುಕಾರನ ಮನೆಗೇ ಬಂದಳು.

"ನಮ್ಮನೇಲಿ ಏನಿದೆ ನೋಡೋಕೆ?" ಅಂದ ಅವನು, ಗವಾಕ್ಷಿಗೆ ಬೆನ್ನು ಕೊಟ್ಟು ನಿಂತು.

ಅಜ್ಜಿ ಅವನನ್ನು ಪಕ್ಕಕ್ಕೆ ಸರಿಸಿ ದಿಂಬಿನ ಮೂಲೆ ಹಿಡಿದು ಎಳೆದಳು. ದಿಂಬು ಬಂತು. ದಿಂಬಿನ ಹಿಂದೆ ಎಣ್ಣೆ ಹೀರಿದ ಕಾಗದದ ಉಂಡೆಗಳು ಬಂದವು. ಒಂದಲ್ಲ, ಎರಡಲ್ಲ, ಮೂರು ತಿಂಗಳ ಬಜ್ಜಿಯ ಸಾಕ್ಷಿ! ಹೆಂಡತಿ ಪಕ್ಕದಲ್ಲೇ ಇದ್ದಳು. ಒಂದು ಮಾತೂ ಆಡಲಿಲ್ಲ. ಮಾತಾಡಿದ್ದರೇ ವಾಸಿಯಿತ್ತು ಅಂತ ಮದುವೆಯಾದವರು ಹೇಳುತ್ತಾರೆ. ನಾನು ಸನ್ಯಾಸಿ, ನನಗೆ ಗೊತ್ತಿಲ್ಲ.

ಅಜ್ಜಿ ಬೈಯಲಿಲ್ಲ. "ಯಜಮಾನ್ರೆ, ಗಾಳಿ ಬೇಕಂದ್ರೆ ವಾಸ್ನೇನೂ ಬರುತ್ತೆ. ನಿಮ್ ಬಜ್ಜಿ ವಾಸ್ನೆ ನಾವ್ ತಡ್ಕೊಂತೀವಿ, ನಮ್ ಒಣಮೀನು ನೀವ್ ತಡ್ಕೊಳ್ಳಿ. ಅದಾಗಲ್ಲ ಅಂದ್ರೆ ಹೇಳಿ, ನಾನಂತೂ ಈ ಬೇಸಿಗೇಲಿ ಸಾಯ್ತೀನಿ."

ಸಾಹುಕಾರನ ಮುಖ ಸಣ್ಣಗಾಯಿತು. ಅಪ್ಪಣೆ ಮಾಡುವ ಬಾಯಿ ಅವನಿಗೆ ಉಳಿದಿರಲಿಲ್ಲ. ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಯ ಬಾಗಿಲು ತಟ್ಟಿದ. "ನಾನು ಮುಚ್ಚಿದ್ದು ಇದು. ತೆಗೆದಿದ್ದೀನಿ. ನೀವೂ ತೆಗೀರಿ, ಯಾರೂ ಮನೆ ಖಾಲಿ ಮಾಡೋದು ಬೇಡ" ಎಂದ. ದಿಂಬನ್ನು ನೋಡಿ ಜನ ನಕ್ಕರು, ನಗುತ್ತಲೇ ತೆಗೆದರು. ಪಂಚೆ ಬಂತು, ಚಿಂದಿ ಬಂತು, ಗೋಣಿಚೀಲ ಬಂತು. ಅವನು ನಾಲ್ಕನೇ ಮಹಡಿ ಹತ್ತುವ ಹೊತ್ತಿಗೆ ಅಜ್ಜಿಯ ಹಪ್ಪಳದ ಮೇಲಿನ ಬಟ್ಟೆ ಮೆಲ್ಲಗೆ ಅಲುಗುತ್ತಿತ್ತು.

ಚಪ್ಪಾಳೆ ಬೇಡ. ನಗುವುದೂ ಸಾಕು. ಈಗ ನಿಮ್ಮ ಹತ್ತಿರ ಬರುತ್ತೇನೆ. ನಿಮ್ಮ ಮನೆಯ ದಿಂಬು ಎಲ್ಲಿದೆ? ಎದುರು ಬಾಗಿಲಿನವರ ಹೆಸರು ಗೊತ್ತಿರುವವರು ಕೈ ಎತ್ತಿ ನೋಡೋಣ. ಇಷ್ಟೇನಾ? ಪಕ್ಕದ ಮನೆಯ ಒಗ್ಗರಣೆಯ ಮೇಲೆ ಸಂಘಕ್ಕೆ ದೂರು ಬರೆದವರು ಇಲ್ಲಿದ್ದೀರಿ, ನನಗೆ ಗೊತ್ತು. ಆ ಕಾಗದವನ್ನು ಹರಿದುಹಾಕಿ, ಒಂದು ಬಟ್ಟಲು ಸಾರು ಹಿಡಿದು ಅವರ ಮನೆಗೆ ಹೋಗಿ.

ಇನ್ನೊಂದು ಮಾತಿದೆ, ಅದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಹೂ ಕಟ್ಟಿ ಬದುಕುವ ಒಂದು ಕುಟುಂಬ ಹೋದ ತಿಂಗಳು ಇದೇ ಬಡಾವಣೆಗೆ ಮನೆ ಕೇಳಿಕೊಂಡು ಬಂದಿತ್ತು. "ನೀವು ಏನು ತಿಂತೀರಿ?" ಅಂತ ಕೇಳಿ ನಿಮ್ಮಲ್ಲೊಬ್ಬರು ಬಾಗಿಲು ಹಾಕಿಕೊಂಡಿರಿ. ಅವರು ಮೂರು ಮಕ್ಕಳನ್ನು ಕಟ್ಟಿಕೊಂಡು ಯಾರದೋ ವರಾಂಡದಲ್ಲಿ ಮಲಗುತ್ತಿದ್ದಾರೆ. ನಿಮ್ಮ ಮನೆ ಇವತ್ತಿಗೂ ಖಾಲಿ ಇದೆ. ಹೆಸರು ಹೇಳುವುದಿಲ್ಲ, ತಲೆ ತಗ್ಗಿಸಬೇಡಿ. ಮಂಗಳಾರತಿಗೂ ಕಾಯಬೇಡಿ. ಈಗಲೇ ಎದ್ದು ಹೋಗಿ ಅವರನ್ನು ಕರೆದುಕೊಂಡು ಬನ್ನಿ.