ಮಾತ್ರೆ ನುಂಗಿದವನ ಬೈಕ್ ಕೀ

ಕೂಟಗಲ್ ಬಸ್ ಸ್ಟಾಪಿನ ಪಕ್ಕ ರೇಷ್ಮೆಗೂಡಿನ ಚೀಲವನ್ನು ಬೈಕಿಗೆ ಕಟ್ಟುತ್ತಿದ್ದವನು ನಾಲ್ಕು ಸಲ ಸೀನಿದ. ಜೊತೆಗಿದ್ದ ಅತ್ತಿಗೆ ನಿಟ್ಟುಸಿರು ಬಿಟ್ಟರು.

"ಮಾವು ಹೂ ಬುಟ್ರೆ ನಿಂದು ಇದೇ ಗೋಳು, ವೀರೇಂದ್ರ. ಮಾತ್ರೆ ತಗಂಡ್ಯಾ?"

"ಬೆಳಗ್ಗೆ ಅಲರ್ಜಿದು ತಗಂಡೆ ಅತ್ಗೆ. ಸೀನು ನಿಲ್ಲಲಿಲ್ಲ, ಈಗ ನೆಗಡಿದೂ ಒಂದು ನುಂಗ್ದೆ."

"ಎರಡ್ರಲ್ಲೂ ನಿದ್ದೆ ಬರೋ ಮದ್ದೇ ಇರ್ತದಂತೆ, ಮೆಡಿಕಲ್‌ನೋರು ಹೇಳಿದ್ರು. ಹೋದ ಬೆಳೆಲಿ ನಾನೂ ಹಂಗೇ ನುಂಗಿ ಮಲಗ್ಬುಟ್ಟೆ. ಎದ್ದಾಗ ರೇಷ್ಮೆ ಹುಳ ಎಲ್ಲಾ ಸೊಪ್ಪಿಲ್ದೆ ತಲೆ ಎತ್ಕಂಡು ಕಾಯ್ತಿದ್ವು."

"ನಂಗೇನೂ ನಿದ್ದೆ ಬಂದಿಲ್ಲ."

"ಆಗಿಂದ ಮೂರು ಸಲ ಆಕಳಿಸ್ದೆ. ಕೀ ಕೊಡು, ಬಸ್ಸಲ್ಲಿ ಹೋಗಾನ."

"ಬಸ್ಸಲ್ಲಾದ್ರೆ ಲೇಟಾಗಿ ಗೂಡಿನ ಹರಾಜು ತಪ್ಪೋಯ್ತದೆ ಅತ್ಗೆ."

"ತಪ್ಪಲಿ."

ಅವನು ಕಟ್ಟಿದ ಹಗ್ಗವನ್ನೆಲ್ಲ ಬಿಚ್ಚಿದ. ಅವರು ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ರಾಮನಗರದ ಬಸ್ಸು ಅವರನ್ನು ಹತ್ತಿಸಿಕೊಂಡು ಹೊರಟಾಗ, ಕಿಟಕಿಯಲ್ಲಿ ಅವನ ತಲೆ ಆಗಲೇ ಚೀಲದ ಮೇಲೆ ವಾಲಿತ್ತು.