ಮೊಮ್ಮಗಳ ಬದಲು ನಾನು ಮುಖ ತೋರಿಸಿದ ವಿಷಯ

ನನ್ನ ವಯಸ್ಸು ಅರವತ್ತೆಂಟು. ಕಸುಬು ಕ್ಷೌರ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಟಿಂಗ್ ಅಂಗಡಿ, ಅದರ ಮೇಲಿನ ಎರಡು ಕೋಣೆಗಳಲ್ಲಿ ವಾಸ. ಬೀದಿಯವರು ಕತ್ತರಿ ತಾತ ಎನ್ನುತ್ತಾರೆ. ಜೊತೆಗೆ ಮಗಳು ಮತ್ತು ಹದಿನೈದು ವರ್ಷದ ಮೊಮ್ಮಗಳು ಇದ್ದಾರೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಮೊಮ್ಮಗಳು ಫೋನ್ ಹಿಡಿದುಕೊಂಡು ಕೆಳಗೆ ಬಂದಳು. ಶಾಲೆಯ ಪ್ರಾಜೆಕ್ಟಿಗೆ ಮನೆಯ ಹಿರಿಯರ ಮುಖ ಬೇಕೆಂದಳು. ನಾನು ತಲೆ ಬಾಚಿಕೊಂಡು ಕೂತೆ. ಬಲಕ್ಕೆ ತಿರುಗು, ಎಡಕ್ಕೆ ತಿರುಗು, ಕಣ್ಣು ಮಿಟುಕಿಸು ಎಂದಳು. ಏನೇ ಇದು, ಈ ವಯಸ್ಸಲ್ಲಿ ನಂಗೆ ಹೆಣ್ಣು ಹುಡುಕ್ತಿದ್ದೀಯಾ ಎಂದು ತಮಾಷೆ ಮಾಡಿದೆ. ಫೋನಿನಲ್ಲಿ ಹಸಿರು ಗುರುತು ಬಂತು. ಅವಳು ಕೆನ್ನೆಗೆ ಮುತ್ತು ಕೊಟ್ಟು ಮೇಲೆ ಓಡಿದಳು. ಅದು ಗಾಂಜಾ ಗಿಡದ ಸಾರ ಹಾಕಿದ ಜೆಲ್ಲಿ ಮಿಠಾಯಿಯ ಆನ್‌ಲೈನ್ ಅಂಗಡಿ ಎಂದೂ, ಇಪ್ಪತ್ತೊಂದು ತುಂಬಿದವರಿಗೆ ಮಾತ್ರ ಮಾರುತ್ತಾರೆಂದೂ, ವಯಸ್ಸು ನೋಡುವುದಕ್ಕೇ ಮುಖ ಕೇಳಿದ್ದೆಂದೂ ನನಗೆ ತಿಳಿದದ್ದು ಇವತ್ತು ಸಂಜೆ.

ಗುರುವಾರ ಹನ್ನೊಂದು ಗಂಟೆಗೆ ನನ್ನ ಹೆಸರಿಗೆ ಪಾರ್ಸೆಲ್ ಬಂತು. ತಂದವನು ವಯಸ್ಸಿನ ಪುರಾವೆ ತೋರಿಸಬೇಕೆಂದ. ನನಗೆ ರೇಗಿತು. ನನ್ ತಲೆ ನೋಡಯ್ಯಾ, ಒಂದು ಕಪ್ಪು ಕೂದಲಿದ್ರೆ ಹುಡುಕಿ ಕೊಡು, ಇನ್ನೇನು ಪುರಾವೆ ಬೇಕು ಎಂದೆ. ಅವನು ನಕ್ಕು, ಸಹಿ ಹಾಕಿಸಿಕೊಂಡು ಹೋದ. ಕುರ್ಚಿಯಲ್ಲಿ ಒಬ್ಬರು ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕಾಯುತ್ತಿದ್ದರಿಂದ ನಾನು ಪೊಟ್ಟಣ ಬಿಚ್ಚಲಿಲ್ಲ. ಸಂಜೆ ಮೊಮ್ಮಗಳು, ಪರೀಕ್ಷೆಗೆ ಪೆನ್ನು ತರಿಸಿದ್ದು, ನಿನ್ ಹೆಸರು ಹಾಕಿದ್ದೆ ಎಂದಳು. ನನ್ನ ಕೈಯಾರೆ ಕೊಟ್ಟೆ.

ಇವತ್ತು ಶನಿವಾರ, ಅರ್ಧ ದಿನದ ಶಾಲೆ. ಹನ್ನೆರಡೂವರೆಗೆ ಮನೆಗೆ ಬಂದಳು. ಊಟ ಬೇಡವೆಂದು ಮಲಗಿದಳು. ಎರಡೂವರೆಗೆ ನಾನು ಮೇಲೆ ಹೋಗಿ ಎರಡು ಸಲ ಕೂಗಿದೆ. ಏಳಲಿಲ್ಲ. ಪಾಪ, ರಾತ್ರಿಯೆಲ್ಲ ಓದಿದ ಮಗು, ಮಲಗಲಿ ಎಂದು ಹೊದಿಕೆ ಎಳೆದು, ಬಿಸಿಲು ಬೀಳದಂತೆ ಪರದೆ ಹಾಕಿ ಬಂದೆ. ನಾಲ್ಕು ಗಂಟೆಗೆ ಮಗಳು ಕೆಲಸದಿಂದ ಬಂದವಳು ಮೇಲಿನಿಂದ ಅಪ್ಪಾ ಎಂದು ಕಿರುಚಿದಳು. ಓಡಿ ಹೋದೆ. ಮೊಮ್ಮಗಳು ದಿಂಬಿನ ಮೇಲೆ ವಾಂತಿ ಮಾಡಿಕೊಂಡಿದ್ದಳು. ಅಲುಗಾಡಿಸಿದರೆ ತಲೆ ಆ ಕಡೆ ಈ ಕಡೆ ವಾಲುತ್ತಿತ್ತು. ಎದೆ ಮಾತ್ರ ಡವಡವ ಹೊಡೆದುಕೊಳ್ಳುತ್ತಿತ್ತು. ಮಗಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಮಂಚದ ಕೆಳಗೆ ತಗಡಿನ ಡಬ್ಬಿ ಸಿಕ್ಕಿತು. ಮೇಲೆ ಗಾಂಜಾ ಸಾರದ ಇಪ್ಪತ್ತು ಮಿಠಾಯಿ, ಇಪ್ಪತ್ತೊಂದು ತುಂಬಿದವರಿಗೆ ಮಾತ್ರ ಎಂದು ಬರೆದಿದೆ. ಒಳಗೆ ಒಂದೂ ಇರಲಿಲ್ಲ.

ಆಂಬುಲೆನ್ಸಿನಲ್ಲಿ ಒಂದು ಸಲ ತುಟಿ ಅಲುಗಿಸಿದಳು. ನಾನು ಕಿವಿಗೊಟ್ಟು ಕೇಳಿದೆ. ತಾತ, ನಾನು ಮೂರೇ ತಿಂದಿದ್ದು, ಪರೀಕ್ಷೆ ಭಯ ಹೋಗುತ್ತೆ ಅಂದಿದ್ರು, ಮಿಕ್ಕಿದ್ದು ಇವತ್ತು ಕ್ಲಾಸಲ್ಲಿ ಹಂಚಿದೆ, ಮನೇಲಿ ತಿನ್ನಿ ಅಂದೆ ಎಂದಳು. ಯಾರಿಗೆ ಕೊಟ್ಟೆ ಕಂದಾ ಎಂದು ಕೇಳುವಷ್ಟರಲ್ಲಿ ಮತ್ತೆ ಮಂಪರಿಗೆ ಜಾರಿದಳು.

ಡಾಕ್ಟರು ಅವಳ ಉಸಿರು ಸರಿಯಾಗಿದೆ, ಎಚ್ಚರವಾಗುವವರೆಗೆ ಕಾಯಬೇಕು ಎಂದರು. ಆದರೆ ಅದೇ ಮಿಠಾಯಿ, ಮಕ್ಕಳು ಒಯ್ದ ಯಾವುದಾದರೂ ಮನೆಯಲ್ಲಿ ಎರಡು ಮೂರು ವರ್ಷದ ಮಗುವಿನ ಕೈಗೆ ಸಿಕ್ಕರೆ ಉಸಿರೇ ಕಟ್ಟಬಹುದು ಎಂದೂ ಹೇಳಿದರು. ಡಬ್ಬಿಯ ಚಿತ್ರದಲ್ಲಿ ಅದು ನೋಡುವುದಕ್ಕೆ ಬರೀ ಮಿಠಾಯಿ ಸ್ವಾಮಿ. ಕೆಂಪು, ಹಳದಿ, ಮೇಲೆ ಸಕ್ಕರೆ.

ಗೆಳತಿಯರ ನಂಬರೆಲ್ಲ ಮೊಮ್ಮಗಳ ಫೋನಿನಲ್ಲಿವೆ. ಅದು ಅವಳ ಮುಖ ಕಂಡರೆ ತೆರೆಯುತ್ತದೆ, ಇಲ್ಲವಾದರೆ ಒತ್ತಬೇಕಾದ ಅಂಕಿ ನಮಗೆ ಗೊತ್ತಿಲ್ಲ. ಮಗಳು ಅವಳ ಮುಖದೆದುರು ಹಿಡಿದಳು. ಕಣ್ಣು ಮುಚ್ಚಿದ್ದರಿಂದ ತೆರೆಯಲಿಲ್ಲ. ನಾನು ಬೆರಳಿನಿಂದ ಮಗುವಿನ ರೆಪ್ಪೆ ಎತ್ತಿ ಹಿಡಿದೆ. ಆಗಲೂ ತೆರೆಯಲಿಲ್ಲ. ನರ್ಸಮ್ಮ ಏನ್ರೀ ಮಾಡ್ತಿದ್ದೀರಾ ಎಂದು ಗದರಿ ನನ್ನ ಕೈ ಸರಿಸಿದರು. ಶಾಲೆಗೆ ಬೀಗ ಬಿದ್ದಿದೆ. ಕ್ಲಾಸ್ ಟೀಚರಿಗೆ ಒಂಬತ್ತು ಸಲ ಫೋನ್ ಮಾಡಿದೆವು, ಎತ್ತಲಿಲ್ಲ. ಆಸ್ಪತ್ರೆಯಿಂದ ಠಾಣೆಗೆ ಒಂದು ಕಿಲೋಮೀಟರ್. ನಡೆದೇ ಬಂದೆ. ದಾರಿಯಲ್ಲಿ ಪ್ರತಿ ಮನೆಯ ಕಿಟಕಿ ನೋಡುತ್ತಾ, ಇಲ್ಲೂ ಒಂದು ಮಗು ಮಲಗಿದೆಯೋ ಎಂದುಕೊಂಡೆ.

ಮುಖ ನನ್ನದು, ಸಹಿ ನನ್ನದು. ಕೇಸು ಹಾಕುವುದಿದ್ದರೆ ಆಮೇಲೆ ಹಾಕಿ, ನಾನೆಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಆ ತರಗತಿಯ ಮಕ್ಕಳ ಮನೆಮನೆಗೆ ಜನ ಕಳಿಸಿ, ನಿಮ್ಮ ದಮ್ಮಯ್ಯ. ಮಗು ಮಲಗಿದೆ, ಆಮೇಲೆ ಬನ್ನಿ ಎಂದು ಯಾರಾದರೂ ಹೇಳಿದರೆ ಬಾಗಿಲಿನಿಂದ ವಾಪಸು ಬರಬೇಡಿ. ಒಳಗೆ ಹೋಗಿ ಎಬ್ಬಿಸಿ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಠಾಣೆ
ದಿನ: ಶನಿವಾರ, ಸಂಜೆ ಆರೂ ಐವತ್ತು
ಸಹಿ, ಜೊತೆಗೆ ಎಡಗೈ ಹೆಬ್ಬೆಟ್ಟಿನ ಗುರುತು