ಅರ್ಥ್ ವೈರ್

ನನ್ನ ರೇಡಿಯೋ ರಿಪೇರಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡಹೆಂಡತಿ ರೆಕಾರ್ಡ್ ಪ್ಲೇಯರಿನ ಸದ್ದು ಹಿಗ್ಗಿಸುವ ಪ್ರೀಆಂಪ್ ಆರಿಸುತ್ತಿದ್ದರು. ಅಂಗಡಿಯವನು ಎರಡನೆಯದನ್ನು ಹಚ್ಚಿದ. ಹಾಡಿನ ಹಿಂದೆ ಜೇನುಗೂಡು ಕೆದಕಿದಂತೆ ಗುಂಯ್ ಎನ್ನತೊಡಗಿತು.

"ಇದೇ ಇರಲಿ. ಹಿಂದೆ ಒಂಚೂರೂ ಸದ್ದಿಲ್ಲ," ಎಂದರು ಗಂಡ.

"ಸಾರ್, ಅರ್ಥ್ ವೈರ್ ಹಾಕೋದು ಮರೆತೆ," ಎಂದ ಅಂಗಡಿಯವನು. "ಅದಕ್ಕೇ ಈ ಗುಂಯ್."

ಹೆಂಡತಿ ಗಂಡನತ್ತ ತಿರುಗಿದರು.

"ಯಾವಾಗಿಂದ ರೀ?"

"ಏನು ಯಾವಾಗಿಂದ?"

"ಸ್ಟುಡಿಯೋದವರಿಗೆ ಗೊತ್ತಾ?"

"ಇಪ್ಪತ್ತು ವರ್ಷದಿಂದ ಅಲ್ಲಿ ಸೌಂಡ್ ನೋಡ್ಕೊಳ್ತಿರೋನು ನಾನು."

"ಗೊತ್ತಾ ಅಂತ ಕೇಳ್ದೆ."

"ಮೆತ್ತಗೆ ಮಾತಾಡು. ನಡಿ, ಹೋಗೋಣ."

ಪ್ರೀಆಂಪ್ ಅಲ್ಲೇ ಉಳಿಯಿತು. ಬಾಗಿಲ ಬಳಿ ಆಕೆ ಮೆತ್ತಗೇ ಹೇಳಿದರು, "ನಾನಿದೀನಲ್ಲ."

ಒಳಗಿದ್ದ ನನಗೂ ಕೇಳಿಸಿತು.

"ಏನಂದೆ?" ಎಂದರು ಗಂಡ.